ಸರ್ವ್ ದೊಡ್ಡದಿಲ್ಲದ ಹುಡುಗಗ ಸೋಮದೇವ್ ದಾರಿ

ಮಗಗ 16 ವರ್ಷ, ಎತ್ತರ 5 ಅಡಿ 8 ಇಂಚು, ಸರ್ವ್ ಸಾಧಾರಣ, ಪಿಯುಸಿ ಬಿಡಿಸಿ ಪೂರ್ತಿ ಟೆನಿಸ್‌ಗೆ ಹಚ್ಚಲೇನು ಅಂತ ಕೇಳೀರಿ. ಬಿಡಿಸಬ್ಯಾಡ್ರಿ. ಭಾರತದ ಟೆನಿಸ್ ಆಟಗಾರ ಸೋಮದೇವ್ ದೇವವರ್ಮನ್ ಅವರ ದಾರಿ ಒಮ್ಮೆ ನೋಡ್ರಿ. ಡಬಲ್ಸ್‌ನ ಪೇಸ್, ಭೂಪತಿ, ಬೋಪಣ್ಣ ಹುಬ್ಬಳ್ಳಿ-ಧಾರವಾಡದಾಗ ಎಲ್ಲಾರಿಗೂ ಗೊತ್ತು. ಸಿಂಗಲ್ಸ್‌ನಾಗ 2011ರ ಜುಲೈಗೆ ಜಗತ್ತಿನ 62ನೇ ಸ್ಥಾನಕ್ಕ ಏರಿದ ಇವರನ್ನ ಈಗಿನ ಹುಡುಗರು ನೋಡೇ ಇಲ್ಲ.

ಗುವಾಹಟಿಯಾಗ 1985ರಲ್ಲಿ ಹುಟ್ಟಿದವರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಾಗ ಓದಕೋತ ಆಡಿ, 2006, 2007, 2008 ಮೂರೂ ವರ್ಷ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಸಿಂಗಲ್ಸ್ ಫೈನಲ್ ತಲುಪಿದ್ರು. ಮೊದಲನೇದು ಸೋತು ಮುಂದಿನ ಎರಡೂ ಗೆದ್ರು. 2007ರ ಫೈನಲ್‌ನಾಗ ಸೋಲಿಸಿದ್ದು 6 ಅಡಿ 10 ಇಂಚಿನ ಜಾನ್ ಇಸ್ನರ್‌ನ. ಓದು ಮುಗಿಸಿ ಪ್ರೊ ಆದ್ರು. 2009ರ ಜನವರಿಯಾಗ ಚೆನ್ನೈ ಓಪನ್‌ಗೆ ವೈಲ್ಡ್ ಕಾರ್ಡ್ (ಸಂಘಟಕರು ಕೊಡೋ ನೇರ ಪ್ರವೇಶ) ಮ್ಯಾಲೆ ಬಂದು ಮೋಯಾ, ಕಾರ್ಲೊವಿಚ್ ಇಬ್ಬರನ್ನೂ ಮುಗಿಸಿ ಫೈನಲ್ ಮುಟ್ಟಿ, ಚಿಲಿಚ್ ಕೈಯಾಗ ಸೋತ್ರು. 2010ರಾಗ ಕಾಮನ್‌ವೆಲ್ತ್ ಚಿನ್ನ, ಏಷ್ಯಾಡ್‌ನಾಗ ಸಿಂಗಲ್ಸ್, ಡಬಲ್ಸ್ ಎರಡರಾಗೂ ಚಿನ್ನ.

ಇಸ್ನರ್, ಕಾರ್ಲೊವಿಚ್ ಅಂದ್ರ ಸರ್ವ್‌ನ ಗೋಡೆಗಳು. ಅವರ ಎದುರು ನಿಂತಿದ್ದು ಕಾಲು ಮತ್ತ ರಿಟರ್ನ್. ನಿಮ್ಮ ಹುಡುಗ ಮೊದಲು ಕಲಿಯಬೇಕಾದ್ದು ಅದನ್ನ. ಸರ್ವ್ ಮಾಡಾವನ್ನ ಬೇಸ್‌ಲೈನ್‌ನಿಂದ (ಕೋರ್ಟ್‌ನ ಹಿಂದಿನ ಗೆರೆ) ಎರಡು ಮೀಟರ್ ಒಳಗ ನಿಲ್ಲಸ್ರಿ, ಸಾಧಾರಣ ಸರ್ವ್ ಕೂಡ ಗಡಾನ ಬರ್ತದ. ಎದುರಾಳಿ ಚೆಂಡು ಹೊಡೆಯೋ ಹೊತ್ತಿಗೆ ಸಣ್ಣ ಜಿಗಿತ ಹಾಕಿ ಎರಡೂ ಕಾಲ ಮ್ಯಾಲೆ ಇಳಿದಿರಬೇಕು, ರ‍್ಯಾಕೆಟ್ ಹೆಗಲಿಗಿಂತ ಹಿಂದ ಹೋಗಬಾರದು. ಎರಡೂ ಬದಿಗೆ 30-30 ಚೆಂಡು, ಗುರಿ ಕೋರ್ಟ್ ನಡುವ, ಎದುರಿನ ಬೇಸ್‌ಲೈನ್ ಹಂತೇಲಿ. ಹುಡುಗರು ತಪ್ಪೋದು ಇಲ್ಲೇ: ರಿಟರ್ನ್‌ನಿಂದಲೇ ಪಾಯಿಂಟ್ ಗೆಲ್ಲಾಕ ಹೋಗಿ ಲೈನ್ ಹುಡುಕ್ತಾರ.

ರ‍್ಯಾಲಿಯಾಗ ಕ್ರಾಸ್‌ಕೋರ್ಟ್ (ಓರೆಗೆ ಹೊಡೆಯೋದು) ಯಾಕ ಅಂದ್ರ, ನೆಟ್ ನಡುವ 3 ಅಡಿ, ಕಂಬದ ಹಂತೇಲಿ ಮೂರೂವರೆ. ಸಿಂಗಲ್ಸ್ ಕೋರ್ಟ್ ನೇರಕ್ಕ 78 ಅಡಿ, ಓರೆಗೆ 82 ದಾಟ್ತದ. ತಗ್ಗು ನೆಟ್, ಉದ್ದ ಜಾಗ, ಅಂದ್ರ ತಪ್ಪು ಕಡಿಮಿ. ಆಷಾಢದ ಗಾಳಿಯಾಗ ಈ ಅಂತರ ಇನ್ನೂ ತಿಳೀತದ. ಸರ್ವಿಸ್ ಲೈನ್ ದಾಟಿ ಬಿದ್ದದ್ದನ್ನ ಅಷ್ಟೇ ಎಣಿಸಿ 20 ಆಗೋತನಕ ಬಿಡಬ್ಯಾಡ್ರಿ.

ಆದ್ರ ಈ ಆಟದ ಬೆಲೆನೂ ಅದ. ಪುಕ್ಕಟೆ ಪಾಯಿಂಟ್ ಸಿಗೂದಿಲ್ಲ, ಮೈ ಸವೀತದ. ಸೋಮದೇವ್ ಬಲ ಭುಜ ಕೈಕೊಟ್ಟು 2012ರ ಬಹುಪಾಲು ಹೋತು. 2013ರ ಆಸ್ಟ್ರೇಲಿಯನ್ ಓಪನ್‌ನಾಗ ಪೋಲೆಂಡ್‌ನ ಯಾನೊವಿಚ್ ಮ್ಯಾಲೆ ಮೊದಲ ಎರಡು ಸೆಟ್ ಗೆದ್ದು, ಆಮ್ಯಾಲೆ 1-6, 0-6, 5-7ರಿಂದ ಸೋತ್ರು. ಆಟ ನಿಲ್ಲಿಸಿದ್ದು 2017ರ ಜನವರಿ 1ಕ್ಕ, 32 ತುಂಬೂಕಿಂತ ಮೊದಲ. ಅದಕ್ಕ ಹುಡುಗನ ಭುಜ ಈಗಿಂದಲೇ ಗಟ್ಟಿ ಮಾಡ್ರಿ: ಮೊಣಕೈ ಪಕ್ಕಿಗೆ ಹಚ್ಚಿ ರಬ್ಬರ್ ಪಟ್ಟಿ ಹೊರಗ ಎಳೆಯೋದು, 15ರಂತೆ 3 ಸಲ, ವಾರಕ್ಕ ಮೂರು ದಿನ. ಸರ್ವ್ ಒಂದು ಅಭ್ಯಾಸಕ್ಕ 60 ಸಾಕು, ಅದೂ ವೇಗಕ್ಕಲ್ಲ, ವೈಡ್ (ಎದುರಾಳಿಯಿಂದ ದೂರ ಬದಿಗೆ) ಮತ್ತ ಎದುರಾಳಿ ಮೈಮ್ಯಾಲೆ ಬರೋ ಜಾಗಕ್ಕ. ಪೂರ್ತಿ ಪಾಲಿಯೆಸ್ಟರ್ ತಂತಿ 55 ಪೌಂಡ್‌ಗೆ ಬಿಗಿದಿದ್ರ ತೆಗೀರಿ. ಉದ್ದಕ್ಕ ಪಾಲಿ, ಅಡ್ಡಕ್ಕ ಮೆತ್ತನ ತಂತಿ, 48-50 ಪೌಂಡ್. ಕಡಿಲಿಲ್ಲ ಅಂತ ಹಳೇ ಪಾಲಿ ಇಟ್ಕೋಬ್ಯಾಡ್ರಿ, 15-20 ತಾಸಿನಾಗ ಅದು ಸತ್ತಿರ್ತದ, ಪೆಟ್ಟೆಲ್ಲಾ ಮೊಣಕೈಗೆ.

ಇನ್ನ ಓದು. ಎನ್‌ಸಿಎಎ ಅರ್ಹತೆಗೆ 9ನೇ ತರಗತಿಯಿಂದ ಪಿಯುಸಿತನಕದ ಅಂಕಪಟ್ಟಿ ಕೇಳ್ತಾರ, ಎಲ್ಲಾ ಈಗಲೇ ಜೋಡಿಸಿಡ್ರಿ. ಪಿಯುಸಿ ಆದಮ್ಯಾಲೆ ವರ್ಷಗಟ್ಟಲೆ ಟೂರ್ನಿ ಸುತ್ತಿದ್ರ ಅಲ್ಲಿ ಆಡೋ ವರ್ಷ ಕಡಿಮಿ ಆಗ್ತಾವ. ಕೋಚ್‌ಗಳು ಯುಟಿಆರ್ ರೇಟಿಂಗ್ (ಆಟಗಾರನ ಮಟ್ಟ ಅಳೆಯೋ ಅಂಕ) ನೋಡ್ತಾರ, ಜೊತಿಗೆ ವಿಡಿಯೋ. ವಿಡಿಯೋದಾಗ ಬರೀ ಚಂದನ ಹೊಡೆತ ಕತ್ತರಿಸಿ ಹಚ್ಚಬ್ಯಾಡ್ರಿ, ಬೇಸ್‌ಲೈನ್ ಹಿಂದಿನಿಂದ ತೆಗೆದ ಒಂದು ಪೂರ್ತಿ ಸೆಟ್ ಕಳಸ್ರಿ.

ಓದು ಬಿಡಿಸಿ ಪ್ರೊ ಮಾಡಿಸಿದ್ರ, ಐಟಿಎಫ್‌ನ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಕೆಳಹಂತದ ಎಂ15 ಟೂರ್ನಿ ಒಳಗ ಒಟ್ಟು ಬಹುಮಾನನೇ 15,000 ಡಾಲರ್, ಅದು 32 ಸಿಂಗಲ್ಸ್ ಆಟಗಾರರು, 16 ಡಬಲ್ಸ್ ಜೋಡಿಗೆ ಹಂಚೋದು. ಅದರಾಗ ಬದುಕು ನಡಿಯೂದಿಲ್ಲ, ಓಡಾಟದ ಖರ್ಚೂ ಹುಟ್ಟೂದಿಲ್ಲ. ಧಾರವಾಡಕ್ಕ 2023ರ ಅಕ್ಟೋಬರ್‌ನಾಗ ಬಂದಂಥ ಐಟಿಎಫ್ ಟೂರ್ನಿ ಮತ್ತ ಬಂದ್ರ, ಕ್ವಾಲಿಫೈಯಿಂಗ್ (ಮುಖ್ಯ ಸುತ್ತಿಗೆ ಹೋಗೋಕ ಆಡೋ ಪಂದ್ಯ) ದಿನನೇ ಹುಡುಗನ್ನ ಕರಕೊಂಡು ಹೋಗಿ ಕೂಡಸ್ರಿ. ಚೆಂಡು ನೋಡೋದು ಬಿಟ್ಟು, ಹೊಡೆದ ಮ್ಯಾಲೆ ಆಟಗಾರ ಎಷ್ಟು ಹೆಜ್ಜಿ ಹಾಕಿ ನಡುವಕ್ಕ ಬರ್ತಾನ ಅನ್ನೋದನ್ನ ಎಣಿಸಾಕ ಹೇಳ್ರಿ.