ಪ್ರತಿ: ಹಗೂರಕ ಓಡಾವ್ರನ್ನ ಗ್ರೂಪ್‌ನ್ಯಾಗ ಸೇರಿಸ್ಕೋತಾರೇನ್ರಿ?

ಧಾರವಾಡಕ್ಕ ಹೊಸದಾಗಿ ಬಂದೀನಿ, ಒಂದು ಕಿಮೀಗೆ 9 ನಿಮಿಷ ಬೇಕು, ರನ್ನಿಂಗ್ ಗ್ರೂಪ್‌ನವ್ರು ಹಿಂದ ಬಿಟ್ಟು ಹೋಗ್ತಾರೇನು ಅಂತ ಕೇಳೀರಿ. ನಮ್ಮ ಗುಂಪಿನ್ಯಾಗ ಅಂತೂ ಬಿಡೂದಿಲ್ರಿ, ಕಡೀಕ ಬರಾವ್ರ ಜೋಡಿ ಪಾಳಿ ಪ್ರಕಾರ ಒಬ್ರು ಇದ್ದ ಇರ್ತಾರ, ಫಾಸ್ಟ್ ಓಡಾವ್ರೂ ಏರು ಹತ್ತಿ ಮ್ಯಾಲ ಮುಟ್ಟಿ ವಾಪಸ್ ಇಳದು ಬಂದು ನಿಮ್ಮನ್ನ ಕೂಡ್ಕೋತಾರ. ನಾವು ಓಡೂ ಕರ್ನಾಟಕ ಯೂನಿವರ್ಸಿಟಿ ಕ್ಯಾಂಪಸ್ ಅಂದ್ರ ಏರು, ಅಲ್ಲಿ ವಾಚ್ ನೋಡಬ್ಯಾಡ್ರಿ, ಮಾತಾಡ್ಕೋತ ಓಡಾಕ ಆಗ್ತದೋ ಇಲ್ಲೋ ಅಷ್ಟ ನೋಡ್ರಿ, ಉಸುರು ಸಿಗವಲ್ದು ಅಂದ್ರ ನಡೀರಿ, ಯಾರೂ ಏನೂ ಅನ್ನಂಗಿಲ್ಲ. ಹುಬ್ಬಳ್ಳಿ ಮಂದಿ ಉಣಕಲ್ ಕೆರಿ ದಂಡಿ ಹಿಡೀತಾರ, ಅದು ಬ್ಯಾರೆ ಮಾತು.

ಖರೇ ಹೇಳ್ಬೇಕಂದ್ರ ಅರ್ಧಾ ಮಂದಿ ಬರೂದ ಓಟ ಆದಮ್ಯಾಲಿನ ಚಾ-ಅವಲಕ್ಕಿಗೆ (ನಾನೂ ಅದರಾಗ ಒಬ್ಬ). ಯಾರಿಗೆ ಮೊಣಕಾಲು ನೋವು, ಯಾರ ಮಗಳ ಮದುವಿ, ಎಲ್ಲಾ ಅಲ್ಲೇ ಗೊತ್ತಾಗ್ತದ, ಎರಡು ವಾರ ಒಬ್ರು ಕಾಣಲಿಲ್ಲಂದ್ರ ಮನಿಗೆ ಫೋನ್ ಹೋಗ್ತದ.

ಹಾಫ್ ಮ್ಯಾರಥಾನ್‌ಗೆ ಹೆಸರು ಕೊಡ್ರಿ ಅಂತ ಯಾರರ ಗಂಟುಬಿದ್ರ ಅವಸರ ಮಾಡಬ್ಯಾಡ್ರಿ, ಅದು 21.1 ಕಿಮೀ ಐತಿ, ಮೊದಲ 5 ಆರಾಮ ಆಗ್ಲಿ. ಮಳಿಗಾಲದಾಗ ಸವದ ಬೂಟು ಜಾರ್ತಾವ, ಅದೊಂದು ನೋಡ್ಕೊಂಡು ರವಿವಾರ ನಸುಕಿನ್ಯಾಗ ಬಂದಬಿಡ್ರಿ.