ವಾಯುಭಾರಮಾಪಕಕ್ಕೆ ಪಾದರಸವೇ ಏಕೆ?

ಪ್ರಶ್ನೆ: ವಾತಾವರಣದ ಒತ್ತಡವನ್ನು ನೀರಿನಿಂದ ಅಳೆಯಲು ಹತ್ತು ಮೀಟರಿಗೂ ಉದ್ದದ ಕೊಳವೆ ಬೇಕು, ಆದ್ದರಿಂದಲೇ ಪಾದರಸ ಬಳಸುತ್ತಾರೆ ಎಂದು ಪಠ್ಯದಲ್ಲಿದೆ. ನಮ್ಮ ಕಾಲೇಜಿಗೆ ನಾಲ್ಕು ಮಹಡಿಗಳಿವೆ. ಮೆಟ್ಟಿಲ ಪಕ್ಕ ಉದ್ದನೆಯ ಕೊಳವೆ ನಿಲ್ಲಿಸಿ ನೀರನ್ನೇ ಏಕೆ ಬಳಸಬಾರದು? ಪಾದರಸ ವಿಷವಲ್ಲವೇ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಬಳಸಬಹುದು; ಆದರೆ ಅದು ತೋರಿಸುವ ಎತ್ತರವನ್ನು ಹಾಗೆಯೇ ನಂಬುವಂತಿಲ್ಲ. ಪಾದರಸದ ಸಾಂದ್ರತೆ ನೀರಿನ 13.6 ಪಟ್ಟು ಇರುವುದರಿಂದ, ಸಮುದ್ರಮಟ್ಟದಲ್ಲಿ 10.3 ಮೀಟರ್ ನೀರಿನ ಕೆಲಸವನ್ನು 76 ಸೆಂಟಿಮೀಟರ್ ಪಾದರಸ ಮಾಡುತ್ತದೆ. ಇದು ಅನುಕೂಲದ ಮಾತಾಯಿತು. ನಿಖರತೆಯ ಪ್ರಶ್ನೆ ಇರುವುದು ಕೊಳವೆಯ ಮುಚ್ಚಿದ ಮೇಲ್ತುದಿಯಲ್ಲಿ, ದ್ರವದ ಮೇಲೆ ಉಳಿಯುವ ಖಾಲಿ ಜಾಗದಲ್ಲಿ.

ನೀರು ಆ ಜಾಗವನ್ನು ತನ್ನ ಆವಿಯಿಂದ ತುಂಬಿಕೊಳ್ಳುತ್ತದೆ, ಆ ಆವಿ ನೀರಿನ ಕಂಬವನ್ನು ಕೆಳಕ್ಕೆ ಒತ್ತುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಂಬ ಸುಮಾರು 24 ಸೆಂಟಿಮೀಟರ್ ತಗ್ಗಿದರೆ, 30 ಡಿಗ್ರಿಯಲ್ಲಿ 43 ಸೆಂಟಿಮೀಟರ್ ತಗ್ಗುತ್ತದೆ. ಅಂದರೆ ಹೊರಗಿನ ಒತ್ತಡ ಕಿಂಚಿತ್ತೂ ಬದಲಾಗದಿದ್ದರೂ, ಬಿಸಿಲೇರಿದ ಮಾತ್ರಕ್ಕೆ ನೀರು 19 ಸೆಂಟಿಮೀಟರ್ ಇಳಿದು, ಪಾದರಸದ ಲೆಕ್ಕದಲ್ಲಿ 14 ಮಿಲಿಮೀಟರ್ ಒತ್ತಡ ಕುಸಿಯಿತೆಂದು, ಚಂಡಮಾರುತವೇ ಬಂತೆಂಬಂತೆ ಸುಳ್ಳು ಹೇಳುತ್ತದೆ. ಅದೇ ಉಷ್ಣತೆಯಲ್ಲಿ ಪಾದರಸದ ಆವಿಯ ಒತ್ತಡ ಒಂದು ಮಿಲಿಮೀಟರಿನ ನೂರನೇ ಒಂದು ಪಾಲೂ ಇಲ್ಲ.

ಈ ಆವಿಯ ವಾದ ಹಳೆಯದು. 1646–47ರಲ್ಲಿ ಫ್ರಾನ್ಸಿನ ರೂವೆನ್‌ನಲ್ಲಿ ಬ್ಲೇಸ್ ಪಾಸ್ಕಲ್ ನೀರು ಮತ್ತು ವೈನ್ ತುಂಬಿದ ಉದ್ದನೆಯ ಗಾಜಿನ ಕೊಳವೆಗಳನ್ನು ನಿಲ್ಲಿಸಿದಾಗ, ಖಾಲಿ ಜಾಗವನ್ನು ಆವಿ ತುಂಬಿದೆ ಎನ್ನುವವರ ವಾದದಂತೆ ಬೇಗ ಆವಿಯಾಗುವ ವೈನ್ ಕೆಳಗೆ ನಿಲ್ಲಬೇಕಿತ್ತು. ಸಾಂದ್ರತೆ ಕಡಿಮೆಯಿರುವ ವೈನ್ ನೀರಿಗಿಂತ ಮೇಲೆಯೇ ನಿಂತಿತು. ಹಾಗೆಂದು ಎದುರಾಳಿಗಳದು ಪೂರ್ತಿ ತಪ್ಪೆಂದು ನನಗನಿಸದು. ಆವಿ ಒತ್ತುವುದು ನಿಜ, ಅವರೆಣಿಸಿದಷ್ಟು ಒತ್ತುವುದಿಲ್ಲ, ಅಷ್ಟೇ.

ಪಾದರಸ ವಿಷವೆಂಬುದು ನಿಜ. ಇಂಥ ಉಪಕರಣಗಳ ತಯಾರಿಕೆಯನ್ನು ಕೈಬಿಡಲು, ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ 2020ರ ಗಡುವು ಹಾಕಿತ್ತು. ಆದರೆ ಬದಲಿಗಳಿಗೆ ಅವುಗಳದೇ ತೊಡಕುಗಳಿವೆ. ಗ್ಲಿಸರಿನ್ ಸುಮಾರು 8.2 ಮೀಟರಿಗೆ ನಿಲ್ಲುತ್ತದೆ, ಹೆಚ್ಚು ಆವಿಯಾಗುವುದಿಲ್ಲ. ಆದರೆ ಗಾಳಿಯ ತೇವವನ್ನು ಹೀರಿ ತೆಳುವಾಗುತ್ತದೆ. ಗ್ಯಾಲಿಯಂ, ಇಂಡಿಯಂ, ತವರಗಳ ದ್ರವ ಮಿಶ್ರಲೋಹಕ್ಕೆ 1.6 ಮೀಟರ್ ಸಾಕು. ಅದು ಗಾಜಿಗೆ ಮೆತ್ತಿಕೊಂಡು ಮಟ್ಟವನ್ನೇ ಓದಗೊಡುವುದಿಲ್ಲ. ನಿರ್ವಾತ ಪಂಪಿನ ಎಣ್ಣೆ ಆವಿಯಾಗುವುದು ಅತ್ಯಲ್ಪವಾದ್ದರಿಂದ, ಉದ್ದನೆಯ ಕೊಳವೆ ನಿಲ್ಲಿಸುವಷ್ಟು ಎತ್ತರದ ಜಾಗವಿದ್ದಲ್ಲಿ ನನ್ನ ಆಯ್ಕೆ ಅದೇ.

ನೀರನ್ನೇ ಬಳಸುವುದಾದರೆ ಕುದಿಸಿ ಆರಿಸಿ, ಕರಗಿದ ಗಾಳಿಯನ್ನು ಹೊರಹಾಕಿ. ಪ್ರತಿ ಸಲವೂ ಉಷ್ಣತೆಯನ್ನು ಬರೆದುಕೊಂಡು, ಕೋಷ್ಟಕದಲ್ಲಿರುವ ಆವಿಯ ಒತ್ತಡವನ್ನು ಕೂಡಿಸಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ನಿಮ್ಮ ಕಂಬ 9.3 ಮೀಟರಿನ ಆಸುಪಾಸಿನಲ್ಲೇ ನಿಂತೀತು.