ಭಾಷಾ ಸಂದೇಹ: ಇಂಗ್ಲಿಷಿನ ಒಂದು ‘ಗೆಟ್’, ಸ್ಪ್ಯಾನಿಷ್‌ನಲ್ಲಿ ಹಲವು ದಾರಿ

(ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಯಂತೆ ಬರೆದಿದ್ದೇವೆ.)

ಪ್ರಶ್ನೆ: ಸ್ಪ್ಯಾನಿಷ್ ಭಾಷೆಯ ಡೆಲೆ ಬಿ1 (ಮಧ್ಯಮ ಹಂತದ) ಪರೀಕ್ಷೆಗೆ ಓದುತ್ತಿದ್ದೇನೆ. ‘ಗೆಟ್’ ಬಂದಲ್ಲೆಲ್ಲ ‘ಒಬ್ತೆನೆರ್’ ಎಂದು ಬರೆದರೆ ಶಿಕ್ಷಕರು ಕೆಂಪು ಗೆರೆ ಎಳೆಯುತ್ತಾರೆ. ಯಾವಾಗ ಯಾವ ಪದ ಬಳಸಬೇಕು?
– ಓದುಗರು, ಧಾರವಾಡ

ಉತ್ತರ: ಒಬ್ತೆನೆರ್ ತಪ್ಪು ಪದವಲ್ಲ, ಕಚೇರಿಯ ಪದ. ವೀಸಾ, ಪರವಾನಗಿ, ಪದವಿ, ಫಲಿತಾಂಶ ಇಂಥವಕ್ಕೆ ಒಪ್ಪುತ್ತದೆ. ‘ಹಾಲು ತಗೊಂಡು ಬಾ’ ಎನ್ನುವಲ್ಲಿ ಅದನ್ನು ಹಾಕಿದರೆ ‘ಹಾಲನ್ನು ಪಡೆಯತಕ್ಕದ್ದು’ ಎಂಬ ಸರ್ಕಾರಿ ಸುತ್ತೋಲೆಯಂತಾಗುತ್ತದೆ.

ಇಂಗ್ಲಿಷಿನಿಂದ ನೇರ ಸ್ಪ್ಯಾನಿಷ್‌ಗೆ ಹಾರದೆ, ವಾಕ್ಯವನ್ನು ಮೊದಲು ಮನೆಮಾತಿನ ಕನ್ನಡದಲ್ಲಿ ಹೇಳಿಕೊಳ್ಳಿ. ಗೆಟ್ ಅಲ್ಲಿಯೇ ಒಡೆದು ಬೇರೆಬೇರೆಯಾಗುತ್ತದೆ. ಕಾಗದ ಬಂತು ಎಂದರೆ ರೆಸಿಬೀರ್. ಅಲೆದಾಡಿದ ಮೇಲೆ ಕೆಲಸ ಸಿಕ್ಕಿತು ಎಂದರೆ ಕೊನ್ಸೆಗೀರ್. ಈ ಪದದಲ್ಲಿ ಪ್ರಯತ್ನ ಅಡಗಿದೆ, ತಾನಾಗಿ ಬಂದದ್ದಕ್ಕೆ ಸಲ್ಲದು. ಮನೆ ತಲುಪಿದೆ ಎನ್ನಲು ಯೆಗಾರ್, ಹಾಲು ತರಲು ತ್ರಾಎರ್, ದುಡ್ಡು ಕೊಟ್ಟು ಕೊಳ್ಳುವುದೇ ಮುಖ್ಯವಾದರೆ ಕೊಂಪ್ರಾರ್, ‘ಅರ್ಥ ಆಯ್ತಾ?’ ಎನ್ನಲು ಎನ್ತೆನ್ದೆರ್. ಬಸ್ಸು ಹತ್ತುವುದು ಸುಬೀರ್, ಇಳಿಯುವುದು ಬಹಾರ್.

ಒಂದು ಎಡವಟ್ಟು ಇದೆ. ‘ನನಗೆ ಕೆಲಸ ಸಿಕ್ಕಿತು’ ಎಂಬಲ್ಲಿ ಕನ್ನಡದ ಕರ್ತೃ ಕೆಲಸ. ಸ್ಪ್ಯಾನಿಷ್‌ನಲ್ಲಿ ಕರ್ತೃ ನೀವು. ‘ಕೊನ್ಸೆಗೀ ತ್ರಬಾಹೊ’ ಎಂದರೆ ಮುಗಿಯಿತು, ‘ನನಗೆ’ ಬೇಕಿಲ್ಲ.

ಇನ್ನು ಗೆಟ್ ಜತೆಗೆ ಮೈಗೋ ಮನಸ್ಸಿಗೋ ಆಗುವ ಬದಲಾವಣೆ ಬಂದರೆ ಸ್ಪ್ಯಾನಿಷ್ ಕ್ರಿಯಾಪದಕ್ಕೆ ‘ಸೆ’ ಸೇರುತ್ತದೆ. ನಮ್ಮ ‘ಕೊಳ್ಳು’ ಇಲ್ಲಿ ಒಳ್ಳೆಯ ಸುಳಿವು: ಕೂದಲು ಕತ್ತರಿಸಿಕೊಳ್ಳು ಎಂಬುದಕ್ಕೆ ಕೊರ್ತಾರ್ಸೆ, ಮದುವೆ ಮಾಡಿಕೊಳ್ಳು ಎಂಬುದಕ್ಕೆ ಕಸಾರ್ಸೆ, ಕುಳಿತುಕೊಳ್ಳು ಎಂಬುದಕ್ಕೆ ಸೆನ್ತಾರ್ಸೆ. ಪೂರ್ತಿ ನಂಬಬೇಡಿ. ‘ಏಳು’ ಎಂಬಲ್ಲಿ ಕೊಳ್ಳು ಇಲ್ಲ, ಲೆಬಂತಾರ್ಸೆಯಲ್ಲಿ ಸೆ ಇದೆ. ‘ಕಲಿತುಕೊಳ್ಳು’ ಎಂಬಲ್ಲಿ ಕೊಳ್ಳು ಇದೆ, ಅಪ್ರೆಂದೆರ್‌ಗೆ ಸೆ ಸಾಮಾನ್ಯವಾಗಿ ಬೇಡ.

ಕನ್ನಡ ನಿಜವಾಗಿ ಕೈಕೊಡುವುದು ‘ಆಗು’ ಎಂಬಲ್ಲಿ. ಮುಖ ಕೆಂಪಾಯಿತು, ಶ್ರೀಮಂತನಾದ, ಹುಚ್ಚನಾದ, ಕಿವುಡನಾದ ಎಲ್ಲಕ್ಕೂ ನಮಗೆ ಒಂದೇ ಪದ, ಸ್ಪ್ಯಾನಿಷ್‌ಗೆ ನಾಲ್ಕು. ಸ್ವಲ್ಪ ಹೊತ್ತಿನ, ತಡೆಯಲಾಗದ ಬದಲಾವಣೆಗೆ ಪೊನೆರ್ಸೆ: ಮುಖ ಕೆಂಪಾಗುವುದು, ಗಾಬರಿಯಾಗುವುದು. ದುಡಿದು ಅಥವಾ ಆರಿಸಿಕೊಂಡು ಆಗುವುದಕ್ಕೆ ಆಸೆರ್ಸೆ: ಶ್ರೀಮಂತ, ವೈದ್ಯ. ಸ್ವಭಾವವೇ ತಿರುಗಿದರೆ ಬೊಲ್ಬೆರ್ಸೆ: ಹುಚ್ಚ, ಸ್ವಾರ್ಥಿ. ಏನೋ ನಡೆದು ಉಳಿದ ಸ್ಥಿತಿಗೆ, ಹೆಚ್ಚಾಗಿ ಏನನ್ನೋ ಕಳೆದುಕೊಂಡದ್ದಕ್ಕೆ, ಕೆದಾರ್ಸೆ: ಕಿವುಡ, ವಿಧುರ, ಕೈ ಖಾಲಿ. ಈ ಗೆರೆಗಳು ಅಲ್ಲಲ್ಲಿ ಅಳಿಸಿಹೋಗುತ್ತವೆ. ಮುದುಕನಾಗುವುದನ್ನು ಯಾರೂ ದುಡಿದು ಗಳಿಸುವುದಿಲ್ಲ, ಆದರೂ ಅದಕ್ಕೆ ಆಸೆರ್ಸೆ ಬರುತ್ತದೆ. ಆದ್ದರಿಂದ ಬರೀ ಕ್ರಿಯಾಪದ ಉರುಹೊಡೆಯದೆ ಗುಣವಾಚಕದ ಜೊತೆಗೇ ಕಲಿಯಿರಿ: ಪೊನೆರ್ಸೆ ನೆರ್ಬಿಯೋಸೊ, ಬೊಲ್ಬೆರ್ಸೆ ಲೋಕೊ, ಕೆದಾರ್ಸೆ ಸೋರ್ದೊ.

ಮುಜುಗರವಾಯಿತು ಎನ್ನಲು ಹೋಗಿ, ಇಂಗ್ಲಿಷ್ ‘ಎಂಬರಾಸ್ಡ್’ ಪದದ ಧ್ವನಿ ಹಿಡಿದು ‘ಎಸ್ತೊಯ್ ಎಂಬರಸಾದ’ ಎಂದವರುಂಟು. ಅದರ ಅರ್ಥ ‘ನಾನು ಗರ್ಭಿಣಿ’. ಸರಿಯಾದದ್ದು ‘ಮೆ ದಿಯೊ ಬೆರ್ಗ್ವೆನ್ಸ’. ಇಲ್ಲಿ ‘ಮೆ’ ನಮ್ಮ ‘ನನಗೆ’ಯೇ, ‘ನನಗೆ ನಾಚಿಕೆಯಾಯಿತು’ ಎಂಬ ಕನ್ನಡ ಜೋಡಣೆ ಈ ಸಲ ಸಲೀಸಾಗಿ ಹೊಂದುತ್ತದೆ.

ಪ್ರಶ್ನೆ: ಬಸ್ಸು ಹಿಡಿಯುವುದಕ್ಕೆ ಪಠ್ಯಪುಸ್ತಕದಲ್ಲಿ ‘ಕೊಹೆರ್’ ಎಂದಿದೆ. ಮೆಕ್ಸಿಕೊದ ಸಹೋದ್ಯೋಗಿ ಅದನ್ನು ಕೇಳಿ ನಕ್ಕರು. ಏಕೆ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪುಸ್ತಕ ಸ್ಪೇನಿನದ್ದಿರಬೇಕು. ಅಲ್ಲಿ ಕೊಹೆರ್ ದಿನಬಳಕೆಯ ಮಾತು. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅದಕ್ಕೆ ಲೈಂಗಿಕ ಕ್ರಿಯೆಯ ಒರಟು ಅರ್ಥವಿದೆ. ‘ತೊಮಾರ್’ ಎನ್ನಿ, ಎಲ್ಲ ಕಡೆ ನಡೆಯುತ್ತದೆ. ಸ್ಪೇನಿನ ರಾಜಮನ್ನಣೆಯ ಭಾಷಾ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ಒಂದು ಅರ್ಥ ಕೆಲವೇ ದೇಶಗಳದ್ದಾದರೆ, ಅರ್ಥಕ್ಕೆ ಮೊದಲೇ ಆ ದೇಶಗಳ ಹೆಸರನ್ನು ಚುಟುಕಾಗಿ ಕೊಟ್ಟಿರುತ್ತಾರೆ. ಆ ಚುಟುಕನ್ನು ಓದದೆ ಅರ್ಥ ಎತ್ತಿಕೊಳ್ಳಬೇಡಿ. ಸಿಟ್ಟಾಗುವುದಕ್ಕೂ ಹೀಗೆಯೇ: ಸ್ಪೇನಿನಲ್ಲಿ ಎನ್ಫದಾರ್ಸೆ, ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚಾಗಿ ಎನೊಹಾರ್ಸೆ.

ಪ್ರಶ್ನೆ: ಮೊಬೈಲ್ ಆ್ಯಪ್‌ನ ಪದಪಟ್ಟಿ ಎಕ್ಸೆಲ್‌ನಲ್ಲಿ ಬರುತ್ತದೆ. ಒಂದೊಂದು ಸಾಲಿನಲ್ಲಿ ಒಂದೇ ಇಂಗ್ಲಿಷ್ ಪದ: ರೈಟ್, ಪ್ಲೇ, ಫ್ರೀ, ಆರ್ಡರ್. ಸ್ಪ್ಯಾನಿಷ್‌ಗೆ ಹೇಗೆ ತರುವುದು?
– ಓದುಗರು, ಮೈಸೂರು

ಉತ್ತರ: ಇದ್ದಂತೆಯೇ ತರಲಾಗದು. ಪಟ್ಟಿಯನ್ನು ವಾಪಸು ಕಳಿಸಿ, ಪಕ್ಕದಲ್ಲಿ ಮೂರು ಕಾಲಂ ಸೇರಿಸಲು ಹೇಳಿ: ಪದ ಕಾಣುವ ತೆರೆಯ ಚಿತ್ರ, ಅದು ಒತ್ತುವ ಗುಂಡಿಯೋ ಶೀರ್ಷಿಕೆಯೋ ಸ್ಥಿತಿಯೋ, ಬಳಸುವವರ ದೇಶ ಯಾವುದು. ಇಷ್ಟಿಲ್ಲದೆ ಯಂತ್ರಾನುವಾದವೂ ಊಹೆಯನ್ನೇ ಮಾಡುತ್ತದೆ. ‘ಓಪನ್’ ಗುಂಡಿಯಾದರೆ ಅಬ್ರೀರ್, ಅಂಗಡಿ ತೆರೆದಿದೆ ಎಂದಾದರೆ ಅಬಿಯೆರ್ತೊ.

ರೈಟ್ ಎಂಬುದು ಬಲಭಾಗವಾದರೆ ದೆರೇಚ, ಹಕ್ಕಾದರೆ ದೆರೇಚೊ, ಸರಿಯುತ್ತರವಾದರೆ ಕೊರ್ರೆಕ್ತೊ. ಮೊದಲ ಎರಡರ ನಡುವೆ ಕೊನೆಯ ಸ್ವರವೊಂದೇ ವ್ಯತ್ಯಾಸ, ಕಣ್ತಪ್ಪುವುದು ಅಲ್ಲೇ. ಪ್ಲೇ ಆಟವಾದರೆ ಹುಗಾರ್, ವಾದ್ಯವಾದರೆ ತೊಕಾರ್, ವಿಡಿಯೊ ಆದರೆ ರೆಪ್ರೊದುಸೀರ್. ಫ್ರೀ ಎಂದರೆ ದುಡ್ಡಿಲ್ಲದೆ ಎಂದಾದರೆ ಗ್ರಾತಿಸ್, ಖಾಲಿ ಸೀಟಾದರೆ ಲೀಬ್ರೆ. ಸ್ಪ್ಯಾನಿಷ್ ಪಠ್ಯ ಇಂಗ್ಲಿಷಿಗಿಂತ ಸಾಮಾನ್ಯವಾಗಿ ಉದ್ದ. ಗುಂಡಿಯಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎಂದೂ ಆಗಲೇ ಕೇಳಿಬಿಡಿ.

ಆರ್ಡರ್‌ಗೆ ಸಿಗುವ ‘ಓರ್ದೆನ್’ ಪದದಲ್ಲಿ ಲಿಂಗ ನೋಡಿ. ‘ಎಲ್ ಓರ್ದೆನ್’ ಎಂದರೆ ಕ್ರಮ, ‘ಲಾ ಓರ್ದೆನ್’ ಎಂದರೆ ಆಜ್ಞೆ. ಗಿರಾಕಿ ಕೊಟ್ಟ ಆರ್ಡರ್ ಆದರೆ ಸ್ಪೇನಿನಲ್ಲೂ ಲ್ಯಾಟಿನ್ ಅಮೆರಿಕದಲ್ಲೂ ‘ಪೆದೀದೊ’ ನಡೆಯುತ್ತದೆ.